ಮಂಡ್ಯದ ಸಾರ್‌ಗೆ ನಾನು ತಪ್ಪಾಗಿ ಮಾರಿದ ಗ್ರಾಫಿಕ್ಸ್ ಕಾರ್ಡ್

ಮೈಸೂರಲ್ಲಿ ಕಂಪ್ಯೂಟರ್ ಅಂಗಡೀಲಿ ಪಿಸಿ ಅಸೆಂಬಲ್ ಮಾಡೋ ಕೆಲಸಕ್ಕೆ ಸೇರಿ ನಂಗೆ 11 ವರ್ಷ ಆಯ್ತು. ಎಷ್ಟು ಪಿಸಿ ಕಟ್ಟಿದೀನಿ ಅಂತ ಲೆಕ್ಕ ಇಟ್ಟಿಲ್ಲ, ಆದ್ರೆ ಒಂದು ಗ್ರಾಫಿಕ್ಸ್ ಕಾರ್ಡ್, ಅಂದ್ರೆ ಸ್ಕ್ರೀನ್ ಮೇಲಿನ ಚಿತ್ರ ಬಿಡಿಸೋ ಪಾರ್ಟು, ಮಾತ್ರ ಇವತ್ತಿಗೂ ಕಣ್ಮುಂದೆ ಬರುತ್ತೆ, ಯಾಕಂದ್ರೆ ಅದ್ರಿಂದ 4 ಸಾವಿರ ನನ್ನ ಸಂಬಳದಲ್ಲಿ ಕಟ್ ಆಗಿತ್ತು.

2023ರ ಆಷಾಢ. ಶುಕ್ರವಾರ ಬಂದ್ರೆ ಚಾಮುಂಡಿ ಬೆಟ್ಟದಲ್ಲಿ ಕಾಲಿಡೋಕೆ ಜಾಗ ಇರಲ್ಲ, ನಮ್ಮ ಅಂಗಡೀಲಿ ಮಾತ್ರ ನೊಣ ಹೊಡ್ಕೊಂಡು ಕೂತಿದ್ವಿ, ಆಷಾಢದಲ್ಲಿ ಯಾರು ಹೊಸ ಸಾಮಾನು ತಗೋತಾರೆ ಹೇಳಿ. ಅಂಥಾ ಟೈಮಲ್ಲಿ ಮಂಡ್ಯದಿಂದ ಒಬ್ಬರು ಬಂದ್ರು, ವಯಸ್ಸು ಅರವತ್ತು ದಾಟಿದೆ, ಏರ್‌ಫೋರ್ಸ್‌ನಲ್ಲಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದೋರು. "ಇಪ್ಪತ್ತು ವರ್ಸ ಪ್ಲೇನ್ ರಿಪೇರಿ ಮಾಡಿವ್ನಿ ಕಣಪ್ಪ, ಒಂದ್ ಸಲಾನೂ ಓಡ್ಸಿಲ್ಲ, ಈಗ ಮನೇಲಿ ಕೂತ್ಕಂಡು ಓಡುಸ್ತಾವ್ನಿ" ಅಂತ ನಕ್ರು. 2020ರಲ್ಲಿ ಬಂತಲ್ಲ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಕಂಪ್ಯೂಟರಲ್ಲಿ ವಿಮಾನ ಓಡಿಸೋ ಗೇಮು, ಅದು. ಮೈಸೂರು ಏರ್‌ಪೋರ್ಟ್ ಇರೋ ಮಂಡಕಳ್ಳಿಲಿ ಎಟಿಆರ್ ಅನ್ನೋ ಫ್ಯಾನಿನ ವಿಮಾನ ಎತ್ತೋದು, ಬೆಂಗಳೂರಲ್ಲಿ ಇಳಿಸೋದು, ದಿನಾ ಇದೇ ಕೆಲಸ. ತೊಂದ್ರೆ ಏನಂದ್ರೆ ಬೆಂಗಳೂರು ಹತ್ರ ಬರ್ತಿದ್ದಂಗೆ ಸ್ಕ್ರೀನ್ ಎಳೀತದೆ, ಜರ್ಕ್ ಹೊಡೀತದೆ, ಇಳಿಸೋ ಹೊತ್ತಲ್ಲೇ ಕೈ ಕೊಡ್ತದೆ.

ಅವರ ಹತ್ರ ಇದ್ದದ್ದು ರೈಜನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್, 6 ಜಿಬಿ ಮೆಮೊರಿದು, ಮತ್ತೆ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಒಂದು. ನಾನು ಎರಡನೇ ಪ್ರಶ್ನೆನೇ ಕೇಳ್ಲಿಲ್ಲ. ಗೇಮ್ ಎಳೀತಿದೆ ಅಂದ್ರೆ ಕಾರ್ಡ್ ಹಳೇದು, ಕಾರ್ಡ್ ಹಳೇದಂದ್ರೆ ದೊಡ್ಡದು ಹಾಕು, ಅಲ್ಲಿವರೆಗೂ ನಂಗೆ ಗೊತ್ತಿದ್ದ ಲೆಕ್ಕ ಇಷ್ಟೇ, ಪಬ್‌ಜಿ ಜಿಟಿಎ ಆಡೋ ಹುಡುಗ್ರಿಗೆ ಅದು ಸರಿಯಾಗೇ ಕೆಲಸ ಮಾಡ್ತಿತ್ತು. ಆರ್‌ಟಿಎಕ್ಸ್ 4070 ಕೊಟ್ಟೆ, 12 ಜಿಬಿ, 60 ಸಾವಿರದ ಹತ್ರ ಬಿಲ್ಲು. ಆಷಾಢದಲ್ಲಿ ಅಷ್ಟು ದೊಡ್ಡ ಬಿಲ್ಲು ನೋಡಿ ನಮ್ಮ ಓನರ್ ನಂಗೂ ಸಾರ್‌ಗೂ ಒಟ್ಟಿಗೆ ಕಾಫಿ ತರಿಸಿದ್ರು, ಅದು ಯಾವತ್ತೂ ನಡೆಯದ ವಿಷ್ಯ.

ನಾಲ್ಕು ದಿನಕ್ಕೆ ಫೋನ್ ಬಂತು. ಬೈಲಿಲ್ಲ, ಅದೇ ಇನ್ನೂ ಕಷ್ಟ. "ಮ್ಯಾಲೆ ಇರೋವಾಗ ಚೆಂದಾಗೈತೆ ಕಣಪ್ಪ, ಇಳಿಸೋವಾಗ ಮೊದ್ಲು 26 ಬತ್ತಿತ್ತು, ಈಗ್ಲೂ 27 ಬತ್ತದೆ. ಅರವತ್ತು ಸಾವ್ರಕ್ಕೆ ಒಂದಾ?" ಅಂದ್ರು. ಸೆಕೆಂಡಿಗೆ ಸ್ಕ್ರೀನ್ ಮೇಲೆ ಎಷ್ಟು ಚಿತ್ರ, ಅಂದ್ರೆ ಫ್ರೇಮ್, ಬರುತ್ತೆ ಅನ್ನೋ ಲೆಕ್ಕ ಅದು, ಎಫ್‌ಪಿಎಸ್ ಅಂತಾರೆ. ಅದರ ಜೊತೆ ಇನ್ನೊಂದು, ಕರೆಂಟ್ ಹೋದ ತಕ್ಷಣ ಯುಪಿಎಸ್ ಕುಂಯ್ ಅಂದು ಎಲ್ಲಾ ಆಫ್ ಆಗ್ತಿದೆ, ಹಳೇ ಕಾರ್ಡಲ್ಲಿ ಹಂಗೆ ಆಗ್ತಿರ್ಲಿಲ್ಲ ಅಂತ.

ಭಾನುವಾರ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಮಂಡ್ಯಕ್ಕೆ ಹೋದೆ. ಯುಪಿಎಸ್ ವಿಷ್ಯ ಒಂದೇ ನಿಮಿಷಕ್ಕೆ ಗೊತ್ತಾಯ್ತು, ಅದು 600 ವಿಎ, ಅಂದ್ರೆ ಹೆಚ್ಚು ಕಡಿಮೆ 360 ವ್ಯಾಟ್ ತಡ್ಕೊಳ್ಳುತ್ತೆ, 1660 ಸೂಪರ್ 125 ವ್ಯಾಟಿನದು, 4070 ಅಂದ್ರೆ 200 ವ್ಯಾಟು, ಅದಕ್ಕೆ ಪ್ರೊಸೆಸರ್ ಮಾನಿಟರ್ ಎಲ್ಲಾ ಸೇರಿಸಿದ್ರೆ ಲೋಡ್ ಅಂಚಿಗೆ ಬಂದು ನಿಂತಿತ್ತು. ನಾನು ಮನೇಲಿ ಯಾವ ಯುಪಿಎಸ್ ಇದೆ ಅಂತಾನೂ ಕೇಳಿರ್ಲಿಲ್ಲ ನೋಡಿ.

ಮುಖ್ಯ ವಿಷ್ಯಕ್ಕೆ ಬರ್ತೀನಿ. ಸಾರ್ ಎಟಿಆರ್‌ನ ಬೆಂಗಳೂರು ಕಡೆ ತಂದ್ರು, ನಾನು ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ನೋಡ್ತಿದ್ದೆ. ಕಾರ್ಡು 40 ಪರ್ಸೆಂಟ್ ಕೂಡ ಕೆಲಸ ಮಾಡ್ತಿಲ್ಲ. ಸರಿ ಪ್ರೊಸೆಸರ್ ಇರ್ಬೇಕು ಅಂತ ನೋಡಿದ್ರೆ ಅದೂ 35 ಪರ್ಸೆಂಟ್. ಎರಡೂ ಖಾಲಿ ಕೂತಿವೆ, ಆದ್ರೂ 27 ಫ್ರೇಮ್. ನಂಗೆ ತಲೆ ಕೆಟ್ಟೋಯ್ತು.

ಸಾರ್ ನನ್ನ ಮುಖ ನೋಡಿ, "ಅದ್ರೊಳಗೇನಾದ್ರೂ ಗೇಜ್ ಐತಾ ನೋಡು. ನಾವು ರೀಡಿಂಗ್ ತಗೋಳ್ದೆ ಪಾರ್ಟ್ ಬಿಚ್ತಾನೇ ಇರ್ಲಿಲ್ಲ" ಅಂದ್ರು. ಮಾನ ಹೋಯ್ತು, ಆದ್ರೆ ಸಿಮ್ಯುಲೇಟರಲ್ಲಿ ಗೇಜ್ ನಿಜವಾಗ್ಲೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಮೇಲಿನ ಮೆನುವಲ್ಲಿ ಎಫ್‌ಪಿಎಸ್ ತೋರಿಸು ಅಂದ್ರೆ ಒಂದು ಪುಟ್ಟ ಕಿಟಕಿ ಬರುತ್ತೆ, ಯಾವುದರಿಂದ ತಡೀತಿದೆ ಅಂತ ಅದೇ ಬರೆದು ತೋರಿಸುತ್ತೆ. ಅಲ್ಲಿ ಇದ್ದದ್ದು ಲಿಮಿಟೆಡ್ ಬೈ ಮೇನ್ ಥ್ರೆಡ್.

ಅಂದ್ರೆ ಏನು ಅಂತ ಸಾರ್‌ಗೆ ಹಿಂಗೆ ಹೇಳ್ದೆ. ನಿಮ್ಮ ಪ್ರೊಸೆಸರಲ್ಲಿ ಆರು ಜನ ಆಳುಗಳಿದಾರೆ ಸಾರ್, ಕಬ್ಬು ಕಡಿಯೋ ಕೆಲಸ ಜಾಸ್ತಿ ಒಬ್ಬನ ತಲೆ ಮೇಲೇ ಬಿದ್ದಿದೆ, ಮಿಕ್ಕೋರು ಅರ್ಧಂಬರ್ಧ ಕೆಲಸ ಮಾಡ್ಕೊಂಡು ಬದೂ ಮೇಲೆ ಕೂತಿದಾರೆ, ದೂರದಿಂದ ನೋಡೋರಿಗೆ ಗದ್ದೇಲಿ 35 ಪರ್ಸೆಂಟ್ ಕೆಲಸ ಅಂತ ಕಾಣುತ್ತೆ, ಆದ್ರೆ ಆ ಒಬ್ಬ ಸುಸ್ತಾಗಿ ಬಿದ್ದೋಗಿದಾನೆ, ನಾನು ತಂದಿಟ್ಟ ಕಾರ್ಡು ಹೊಸಾ ಲಾರಿ ಇದ್ದಂಗೆ, ಕಬ್ಬು ಬರ್ಲಿ ಅಂತ ಕಾಯ್ತಾ ನಿಂತಿದೆ. ವಿಮಾನದ ಸಿಸ್ಟಮ್, ಹವಾಮಾನ, ಸುತ್ತ ಹಾರಾಡೋ ಬೇರೆ ವಿಮಾನ, ಏರ್‌ಪೋರ್ಟ್ ಕಟ್ಟಡ, ಎಲ್ಲಾದರ ಲೆಕ್ಕ ಮೇನ್ ಥ್ರೆಡ್ ಅನ್ನೋ ಆ ಒಂದು ಸಾಲಲ್ಲೇ ಹಾದು ಹೋಗ್ಬೇಕು. ಅದಕ್ಕೇ ಕೆಆರ್‌ಎಸ್ ಮೇಲೆ ಹಾರೋವಾಗ ಆರಾಮ, ಮಂಡಕಳ್ಳಿಲಿ 1740 ಮೀಟರ್ ರನ್‌ವೇಗೆ ಇಳಿಸೋವಾಗ್ಲೂ ಆರಾಮ, ದೊಡ್ಡೂರು ದೊಡ್ಡ ಏರ್‌ಪೋರ್ಟ್ ಬಂದ್ರೆ ಮಾತ್ರ ಒದ್ದಾಟ.

ಮಾನ ಉಳಿಸ್ಕೊಳ್ಳೋಕೆ ಒಂದು ಕಿತಾಪತಿ ಮಾಡ್ದೆ. 4070ಲಿ ಫ್ರೇಮ್ ಜನರೇಶನ್ ಇದೆಯಲ್ಲ, ಎರಡು ಫ್ರೇಮ್ ಮಧ್ಯೆ ಕಾರ್ಡೇ ಒಂದು ಫ್ರೇಮ್ ಹೊಸೆದು ಸೇರಿಸೋದು, ಅದನ್ನ ಆನ್ ಮಾಡ್ದೆ, ನಂಬರ್ 50 ಹತ್ರ ಹೋಯ್ತು. ನೋಡಿ ಸಾರ್ ಅಂದೆ. ಅವ್ರು ಜಾಯ್‌ಸ್ಟಿಕ್ ಹಿಡ್ಕೊಂಡು ಎರಡು ಸಲ ಎಡ ಬಲ ಆಡಿಸಿ, "ಕಣ್ಣಿಗೇನೋ ಚೆಂದಾಗೈತೆ, ಕೈಗೆ ಬತ್ತಿಲ್ಲ" ಅಂದ್ರು. ಸರಿಯಾಗೇ ಹೇಳಿದ್ರು, ಮಧ್ಯೆ ಸೇರಿಸಿದ ಫ್ರೇಮಲ್ಲಿ ನಮ್ಮ ಕೈಯ ಲೆಕ್ಕ ಇರಲ್ಲ, ವಿಮಾನ ಕೈಗೆ ಸ್ಪಂದಿಸೋದು ಹಳೇ 27ರ ಲೆಕ್ಕದಲ್ಲೇ, ಇನ್ನೂ ಸ್ವಲ್ಪ ತಡ ಆಗುತ್ತೆ ಬೇಕಾದ್ರೆ. ಕಾಕ್‌ಪಿಟ್ ಡಿಸ್‌ಪ್ಲೇಲಿ ಓಡೋ ನಂಬರ್‌ಗಳೂ ಮಸುಕಾದ್ವು. ಸುಮ್ನೆ ಚೆಂದ ನೋಡ್ಕೊಂಡು ಹಾರೋರಿಗೆ ಅದು ಪರವಾಗಿಲ್ಲ ಅಂತ ನಾನು ಈಗ್ಲೂ ಹೇಳ್ತೀನಿ, ಆದ್ರೆ ಇಳಿಸೋದೇ ಮುಖ್ಯ ಅನ್ನೋರಿಗಲ್ಲ.

ಆವತ್ತು ದುಡ್ಡಿಲ್ಲದೆ ಆಗಿದ್ದು ಸೆಟ್ಟಿಂಗ್ಸ್ ಕೆಲಸ. ಟೆರೇನ್ ಎಲ್‌ಒಡಿ, ಅಂದ್ರೆ ಕೆಳಗಿನ ನೆಲ ಎಷ್ಟು ದೂರದವರೆಗೂ ವಿವರವಾಗಿ ಕಾಣ್ಬೇಕು ಅನ್ನೋದು, 200 ಇಟ್ಟಿದ್ರು, 100ಕ್ಕೆ ಇಳಿಸ್ದೆ, ಸುತ್ತಮುತ್ತ ವಿಮಾನಗಳ ಟ್ರಾಫಿಕ್ ಕಮ್ಮಿ ಮಾಡ್ದೆ, ಇವೆರಡೂ ಪ್ರೊಸೆಸರ್ ತಿನ್ನೋ ಸೆಟ್ಟಿಂಗು. 34ಕ್ಕೆ ಬಂತು. ಮೋಡ, ನೆರಳು, ರೆಸಲ್ಯೂಶನ್ ಇವೆಲ್ಲ ಕಾರ್ಡಿನ ಬಾಬ್ತು, ಅವನ್ನ ಮುಟ್ಟೋ ಅವಶ್ಯಕತೆನೇ ಬರ್ಲಿಲ್ಲ. ಮುದ್ದೆ ಬಸ್ಸಾರು ಊಟ ಹಾಕೇ ಕಳಿಸಿದ್ರು, ಆ ಊಟ ಗಂಟಲಲ್ಲಿ ಇಳಿದ್ರೆ ತಾನೆ.

ಅಂಗಡೀಗೆ ಬಂದು ಓನರ್ ಹತ್ರ ಹೇಳ್ದೆ, ಬಾಕ್ಸ್ ಓಪನ್ ಆದ ಕಾರ್ಡ್ ವಾಪಸ್ ತಗೊಂಡ್ರೆ ಹೊಸ ರೇಟಿಗೆ ಯಾರು ತಗೋತಾರೆ ಅಂತ ಕೂಗಾಡಿದ್ರು. ಕೊನೆಗೆ 4ಕೆ ಮಾನಿಟರ್ ಇದ್ದ ಒಬ್ಬ ವಿಡಿಯೋ ಎಡಿಟರ್‌ಗೆ ಸ್ವಲ್ಪ ಕಮ್ಮಿಗೆ ಕೊಟ್ವಿ, ಕಮ್ಮಿ ಆಗಿದ್ದರಲ್ಲಿ ನನ್ನ ಪಾಲು ಆ 4 ಸಾವಿರ. ಸಾರ್‌ಗೆ ಹಾಕಿದ್ದು ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್, ಅವರ ಬೋರ್ಡು ಎಎಂ4 ಸಾಕೆಟ್‌ದು ಆಗಿದ್ದಕ್ಕೆ ಬಯೋಸ್, ಅಂದ್ರೆ ಬೋರ್ಡಿನ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದ್ರೆ ಅದರಲ್ಲೇ ಕೂರುತ್ತೆ. 3600ರಲ್ಲಿ ಎಲ್3 ಕ್ಯಾಶ್, ಅಂದ್ರೆ ಪ್ರೊಸೆಸರ್ ಒಳಗೇ ಇರೋ ಪುಟ್ಟ ಮೆಮೊರಿ, 32 ಎಂಬಿ, ಇದರಲ್ಲಿ 96 ಎಂಬಿ, ಮತ್ತೆ ಮತ್ತೆ ಬೇಕಾಗೋ ಲೆಕ್ಕ ಎಲ್ಲಾ ರ‍್ಯಾಮ್‌ವರೆಗೂ ಹೋಗಿ ಬರೋ ಬದಲು ಪಕ್ಕದಲ್ಲೇ ಸಿಗುತ್ತೆ, ಫ್ಲೈಟ್ ಸಿಮ್ಯುಲೇಟರ್‌ಗೆ ಅದು ಹೇಳಿ ಮಾಡಿಸಿದಂಗೆ. ಬಾಕ್ಸಲ್ಲಿ ಕೂಲರ್ ಬರಲ್ಲ, ಅದು ಬೇರೆ ತಗೋಬೇಕು. ಕಾರ್ಡು ಆರ್‌ಟಿಎಕ್ಸ್ 4060, 8 ಜಿಬಿ, 115 ವ್ಯಾಟು, ಹಳೇ ಕಾರ್ಡಿಗಿಂತ್ಲೂ ಕಮ್ಮಿ, ಯುಪಿಎಸ್ ಬಾಯಿ ಮುಚ್ಕೊಂಡು ಕೂತ್ಕೊಂತು. ಎಲ್ಲಾ ಸೇರಿ ಹೆಚ್ಚು ಕಡಿಮೆ ಆ ಒಂದು 4070 ದುಡ್ಡೇ. ಬೆಂಗಳೂರಲ್ಲಿ ಇಳಿಸೋವಾಗ 45 ಬಂತು, ಹೊಸೆದ ಫ್ರೇಮ್ ಸೇರಿಸದೆ.

ಇದನ್ನ ಓದಿ ಎಲ್ರೂ 4060 ತಗೋಬೇಡಿ ಮತ್ತೆ. ಕುವೆಂಪುನಗರದ ಒಬ್ಬ ಹುಡುಗನಿಗೆ ಮೂರು ಮಾನಿಟರ್‌ಗೆ 8 ಜಿಬಿ ಕಾರ್ಡ್ ಹಾಕಿದ್ವಿ, ಫುಲ್ ಎಚ್‌ಡಿ ಒಂದಕ್ಕೆ 20 ಲಕ್ಷ ಚಿಲ್ರೆ ಪಿಕ್ಸೆಲ್, ಮೂರಕ್ಕೆ 62 ಲಕ್ಷ, 4ಕೆ ಅಂದ್ರೆ 83 ಲಕ್ಷದ ಹತ್ರ, ಪಿಕ್ಸೆಲ್ ಅಂದ್ರೆ ಸ್ಕ್ರೀನಿನ ಚುಕ್ಕೆ, ಅದು ಜಾಸ್ತಿ ಆದಷ್ಟೂ ಕಾರ್ಡಿನ ಮೆಮೊರಿ ಜಾಸ್ತಿ ಬೇಕು. ಆ ಹುಡುಗನಿಗೆ ಫ್ರೇಮ್ ನಂಬರ್ ಚೆನ್ನಾಗೇ ಬರ್ತಿತ್ತು, ಗೇಮಲ್ಲಿ ಪಕ್ಕಕ್ಕೆ ತಿರುಗಿ ನೋಡಿದ್ರೆ ಸಾಕು ಟಕ್ ಅಂತ ನಿಲ್ತಿತ್ತು, ವಿಡಿಯೋ ಮೆಮೊರಿ ತುಂಬಿ ರ‍್ಯಾಮ್‌ಗೆ ಚೆಲ್ಲುತ್ತಿತ್ತು ಅಷ್ಟೇ. ಅಂಥಲ್ಲಿ 12, 16 ಜಿಬಿ ಕಾರ್ಡಿಗೇ ದುಡ್ಡು ಹಾಕ್ಬೇಕು, ಅಲ್ಲಿ ಕಂಜೂಸ್‌ತನ ಮಾಡಿದ್ರೆ ಎಷ್ಟು ಒಳ್ಳೆ ಪ್ರೊಸೆಸರ್ ಇದ್ರೂ ಉಪಯೋಗಕ್ಕಿಲ್ಲ.

ಈಗ ಫ್ಲೈಟ್ ಸಿಮ್ಯುಲೇಟರ್‌ಗೆ ಕಾರ್ಡ್ ಅಂತ ಯಾರಾದ್ರೂ ಬಂದ್ರೆ ಯಾವ ಊರಲ್ಲಿ ಇಳಿಸ್ತೀರ, ಸೆಸ್ನಾ ಥರ ಪುಟ್ಟ ವಿಮಾನಾನಾ ದೊಡ್ಡ ವಿಮಾನಾನಾ, ಎಷ್ಟು ಮಾನಿಟರು, ಯಾವ ಯುಪಿಎಸ್ಸು ಅಂತ ಕೇಳಿ, ಎಳೆಯೋ ಜಾಗದಲ್ಲೇ ಆ ಪುಟ್ಟ ಕಿಟಕಿ ಫೋಟೋ ತೆಗೆದು ಕಳಿಸಿ ಅಂತೀನಿ. ಎಕ್ಸ್‌ಪ್ಲೇನ್ ಅಂತ ಇನ್ನೊಂದು ಸಿಮ್ಯುಲೇಟರ್ ಇದೆ, ಅದಾದ್ರೆ ಅದರಲ್ಲೂ ಪ್ರೊಸೆಸರ್ ಟೈಮ್ ಕಾರ್ಡ್ ಟೈಮ್ ಬೇರೆ ಬೇರೆ ತೋರಿಸುತ್ತೆ. ಒಂದಿಬ್ರು ಬೇಜಾರಾಗಿ ಬೆಂಗಳೂರು ಎಸ್.ಪಿ. ರೋಡಿಗೆ ಹೋಗಿ ತಗೊಂಡ್ರು, ಓನರ್ ಅದನ್ನ ಇವತ್ತಿಗೂ ಆಡ್ಕೋತಾರೆ.

ಮೊನ್ನೆ ಮಂಡ್ಯದ ಸಾರ್ ಫೋನ್ ಮಾಡಿದ್ರು. ಇನ್ನೆರಡು ಮಾನಿಟರ್ ಹಾಕ್ಬೇಕಂತೆ, ಕಾರ್ಡ್ ತಡ್ಕೊಳ್ಳುತ್ತಾ ಅಂತ. ನಾನು ಬಾಯಿ ಬಿಡೋದ್ರೊಳಗೇ, "ರೀಡಿಂಗ್ ಆಗ್ಲೇ ವಾಟ್ಸಾಪ್‌ಗೆ ಹಾಕಿವ್ನಿ, ನೋಡ್ಬುಟ್ಟು ಹೇಳು" ಅಂದ್ರು. ನೋಡ್ದೆ, ಒಂದೇ ಮಾನಿಟರ್‌ಗೇ 8ರಲ್ಲಿ 6.9 ಜಿಬಿ ತುಂಬಿದೆ.