ಕೋಡಿ ಬೆಂಗ್ರೆಯಲ್ಲಿ ಇಳಿತದ ಹೊತ್ತು

ಉಡುಪಿಯಿಂದ ಕೋಡಿ ಬೆಂಗ್ರೆಗೆ ಹೋಗುವ ದಾರಿ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿದ ಮೇಲೆ ಕಿರಿದಾಗುತ್ತ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವಿನ ಪಟ್ಟಿಯಲ್ಲಿ ತೆಂಗು, ಮನೆಗಳು, ಹರವಿದ ಬಲೆಗಳು. ತುದಿಯಲ್ಲಿ ಸ್ವರ್ಣಾ, ಸೀತಾ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬಂದವರಲ್ಲಿ ಹೆಚ್ಚಿನವರು ಸೂರ್ಯಾಸ್ತ ನೋಡಿ ಹೊರಟುಬಿಡುತ್ತಾರೆ. ಇಲ್ಲಿಯ ನಿಜವಾದ ಬೆರಗು ಕಾಲಬುಡದಲ್ಲಿದೆ, ಇಳಿತದ ಮರಳಿನಲ್ಲಿ ಉಂಡೆ ಕಟ್ಟುವ ಪುಟ್ಟ ಏಡಿಗಳು. ಅದನ್ನು ಕಾಣಬೇಕಾದರೆ ಕಡಲಿನ ಹೊತ್ತುಗೊತ್ತು ನೋಡಿಕೊಂಡು ಹೊರಡಬೇಕು.

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ, ಹೆಚ್ಚು ಇಳಿಯುವುದನ್ನೇ ಆರಿಸಿಕೊಳ್ಳಿ. ಇವತ್ತು ಬೆಳಿಗ್ಗೆ 7ಕ್ಕೆ ಇಳಿತವಾದರೆ ನಾಳೆ ಸುಮಾರು 7.50ಕ್ಕೆ. ಚಂದ್ರ ಮತ್ತೆ ಅದೇ ಜಾಗಕ್ಕೆ ಬರಲು 24 ಗಂಟೆ 50 ನಿಮಿಷ ಬೇಕಾಗುವುದೇ ಇದಕ್ಕೆ ಕಾರಣ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ತುಂಬಾ ಹಿಂದೆ ಸರಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅಷ್ಟಿಲ್ಲ. ಹತ್ತಿರದ ಮಲ್ಪೆ ಬಂದರಿನ ಉಬ್ಬರ-ಇಳಿತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಪೂರ್ಣ ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ. ಬೆಳಗಿನ ಇಳಿತವಾದರೆ ಇನ್ನೂ ಒಳ್ಳೆಯದು. ಓರೆ ಬಿಸಿಲಿಗೆ ಮರಳಿನ ಮೇಲಿನ ಪ್ರತಿಯೊಂದು ಗೆರೆಯೂ ಎದ್ದು ಕಾಣುತ್ತದೆ.

ನೀರು ಬಿಟ್ಟುಹೋದ ಒದ್ದೆ ಮರಳಿನಲ್ಲಿ ಸಾಸಿವೆಗಿಂತ ತುಸು ದೊಡ್ಡ ಉಂಡೆಗಳು ಸಾವಿರಗಟ್ಟಲೆ ಹರಡಿರುತ್ತವೆ. ಸುಮ್ಮನೆ ಚೆಲ್ಲಿದಂತೆ ಅಲ್ಲ, ಒಂದು ಸಣ್ಣ ಬಿಲದ ಸುತ್ತ ಸಾಲುಸಾಲಾಗಿ. ಇದು ಉಗುರಿನಗಲದ ಏಡಿಯ ಕೆಲಸ. ಅದು ಮೇಲ್ಪದರದ ಮರಳನ್ನು ಬಾಯಿಗೆ ತುಂಬಿಕೊಂಡು, ಬಾಯೊಳಗಿನ ನೀರಿನಲ್ಲಿ ಜಾಲಿಸಿ, ಕಣಗಳಿಗೆ ಅಂಟಿದ ಪಾಚಿ, ಸೂಕ್ಷ್ಮಜೀವಿಗಳನ್ನು ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಬದಿಗೆ ಎಸೆಯುತ್ತದೆ. ಒಮ್ಮೆ ಜಾಲಿಸಿದ್ದನ್ನು ಮತ್ತೆ ಬಾಯಿಗಿಡಬಾರದಲ್ಲ, ಅದಕ್ಕೇ ಈ ಉಂಡೆ. ಬಿಲದ ಬಾಯಿಂದ ಹೊರಕ್ಕೆ ಒಂದು ಗೆರೆ ಮುಗಿಸಿ, ಪಕ್ಕದ ಗೆರೆ ಹಿಡಿಯುತ್ತದೆ. ಭರತ ಬಂದಾಗ ಎಲ್ಲ ಅಳಿಸಿಹೋಗುತ್ತದೆ, ಕಡಲು ಹೊಸ ಆಹಾರ ಹರಡಿ ಹೋಗುತ್ತದೆ.

ನಡೆದಾಡುತ್ತ ನೋಡಿದರೆ ಉಂಡೆ ಮಾತ್ರ ಕಾಣುತ್ತದೆ, ಏಡಿ ಕಾಣುವುದಿಲ್ಲ. ಹೆಜ್ಜೆಯ ಅದುರು, ನೆರಳು ಎರಡೂ ಅದಕ್ಕೆ ಗೊತ್ತಾಗುತ್ತವೆ. ಸೂರ್ಯನಿಗೆ ಮುಖ ಮಾಡಿ, ನೆರಳು ಹಿಂದೆ ಬೀಳುವಂತೆ ಕುಳಿತು ಹತ್ತು ನಿಮಿಷ ಅಲುಗಾಡದಿರಿ. ಮೊದಲು ಒಂದು ಬಿಲದ ಬಾಯಲ್ಲಿ ಕಣ್ಣು, ಆಮೇಲೆ ಸುತ್ತೆಲ್ಲ ಚಲನೆ. ಭೂತಕನ್ನಡಿಗಿಂತ ದುರ್ಬೀನು ಇಲ್ಲಿ ಉಪಯೋಗ, ಹತ್ತಿರಕ್ಕೆ ಫೋಕಸ್ ಆಗುವಂಥದ್ದು ಬೇಕು. ಬಿಲ ಅಗೆಯಲೇಬೇಡಿ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಪುಟ್ಟ ವಲಸೆ ಹಕ್ಕಿಗಳು ಈ ದಂಡೆಗಳಲ್ಲಿ ಓಡಿ ನಿಂತು, ಓಡಿ ನಿಂತು ಮೇಯುತ್ತವೆ. ಅವುಗಳ ಹೊಟ್ಟೆಪಾಡೂ ಈ ಮರಳನ್ನೇ ನಂಬಿದೆ. ಯಾರೂ ಟಿಕೆಟ್ ಕೇಳದ ಈ ದಂಡೆ ದಿನಕ್ಕೆರಡು ಬಾರಿ ಹೊಸದಾಗಿ ಸಿಗುತ್ತದೆ ಎಂಬುದಕ್ಕೆ ನಾವು ಋಣಿಗಳಾಗಿರಬೇಕು.

ಅಳಿವೆಯ ಬಾಯಲ್ಲಿ ಮಾತ್ರ ನೀರಿಗಿಳಿಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಆ ಕಿರಿದಾದ ದಾರಿಯಲ್ಲೇ ಹೊರನುಗ್ಗುತ್ತದೆ, ಎದುರಿನಿಂದ ಬರುವ ಅಲೆ ಅಲ್ಲಿ ಕಡಿದಾಗಿ ಏಳುತ್ತದೆ. ಮೇಲೆ ಶಾಂತವಾಗಿ ಕಂಡರೂ ಒಳಗಿನ ಸೆಳೆತ ಬಲವಾದದ್ದು. ದಂಡೆಯ ಇಳಿತ ಮುಗಿದ ಮೇಲೂ ಹೊಳೆ ಸ್ವಲ್ಪ ಹೊತ್ತು ಹೊರಗೆ ಹರಿಯುತ್ತಲೇ ಇರುತ್ತದೆ. ಹೊಳೆಬದಿಯ ಕೆಸರಿನಲ್ಲಿ ಕಾಲು ಮೊಣಕಾಲವರೆಗೂ ಹೂತುಹೋಗಬಹುದು.

ಮೀನುಗಾರರು ಕೈರಂಪಣಿ (ದಂಡೆಯಲ್ಲಿ ನಿಂತು ಹಗ್ಗದಿಂದ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಹಗ್ಗದ ದಾರಿ ಬಿಟ್ಟು ನಿಲ್ಲಿ, ಫೋಟೊಕ್ಕೆ ಮೊದಲು ಒಂದು ಮಾತು ಕೇಳಿ. ನೆರಳು ಕಡಿಮೆ, ಆದ್ದರಿಂದ ಟೊಪ್ಪಿ ಮತ್ತು ತಲೆಗೊಂದು ಲೀಟರ್ ನೀರು ಬೇಕೇ ಬೇಕು. ಮಳೆಗಾಲ ಇದಕ್ಕೆ ಹೊಂದುವುದಿಲ್ಲ. ಹೊತ್ತು ಉಳಿದರೆ ವಾಪಸು ಬರುವಾಗ ಕೆಮ್ಮಣ್ಣಿನ ಬಳಿ ತಿಮ್ಮಣ್ಣ ಕುದ್ರು ಎಂಬ ನದಿ ನಡುಗಡ್ಡೆಯ ತೂಗುಸೇತುವೆ ಹತ್ತಿ ಸ್ವರ್ಣೆಯನ್ನು ನೋಡಬಹುದು. ಬಸ್ಸಿನಲ್ಲಿ ಬರುವವರು ಇಳಿಯುವಾಗಲೇ ವಾಪಸು ಬಸ್ಸಿನ ಸಮಯವನ್ನು ಕಂಡಕ್ಟರರಲ್ಲಿ ಕೇಳಿಟ್ಟುಕೊಳ್ಳಿ.