ಇಪ್ಪತ್ತು ಜನರ ಕ್ಲಾಸಿನಲ್ಲಿ ಕೊನೆಯ ಬೆಂಚಿಲ್ಲ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನಾರ್ತ್‌ಫೀಲ್ಡ್ ಅಂತ ಒಂದು ಸಣ್ಣ ಊರು. ಅಲ್ಲಿನ ಗುಡ್ಡದ ಮೇಲಿರುವ ಸೇಂಟ್ ಓಲಾಫ್ ಕಾಲೇಜನ್ನು ನಾರ್ವೆಯಿಂದ ವಲಸೆ ಬಂದ ಲೂಥರನ್ನರು (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) 1874ರಲ್ಲಿ ಶುರು ಮಾಡಿದರು. ಮೂರು ಸಾವಿರದ ಆಸುಪಾಸು ವಿದ್ಯಾರ್ಥಿಗಳು, ಎಲ್ಲರೂ ಡಿಗ್ರಿಯವರೇ, ಪಿಜಿ ಇಲ್ಲ. ಇಂಥ ಲಿಬರಲ್ ಆರ್ಟ್ಸ್ (ಒಂದೇ ಬ್ರಾಂಚಿಗೆ ಕಟ್ಟಿಹಾಕದೆ ಹಲವು ವಿಷಯ ಓದಿಸುವ) ಕಾಲೇಜಿಗೆ ಹೊರಟರೆ ಮನೆಯವರಿಂದ ಎರಡು ಪ್ರಶ್ನೆ ಖಾಯಂ: ‘ಯಾವ ಬ್ರಾಂಚ್?’ ಮತ್ತು ‘ಕ್ರಿಶ್ಚಿಯನ್ ಕಾಲೇಜಂತೆ, ತೊಂದರೆ ಇಲ್ವಾ?’

ಎರಡನೆಯದಕ್ಕೆ ಮೊದಲು ಉತ್ತರ. ಮಂಗಳೂರಿನ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ಸ್ ನೋಡಿದವರಿಗೆ ಹೆಸರು ಕೇಳಿಯೇ ಗಾಬರಿಯಾಗಬೇಕಿಲ್ಲ. ಆದರೆ ಅಮೆರಿಕದಲ್ಲಿ ‘ಕ್ರಿಶ್ಚಿಯನ್ ಕಾಲೇಜು’ ಅನ್ನೋ ಒಂದೇ ಹೆಸರಿನಡಿ ತೀರಾ ಬೇರೆ ಬೇರೆ ಬಗೆಯ ಕಾಲೇಜುಗಳಿವೆ. ಸೇಂಟ್ ಓಲಾಫ್‌ನಲ್ಲಿ ಚಾಪೆಲ್‌ಗೆ (ಕಾಲೇಜಿನ ಪ್ರಾರ್ಥನಾಸಭೆಗೆ) ಹೋಗೋದು ಬಿಡೋದು ನಿಮ್ಮಿಷ್ಟ. ಇಲಿನಾಯ್ ರಾಜ್ಯದ ವೀಟನ್ ಕಾಲೇಜಿನಲ್ಲಿ ಚಾಪೆಲ್ ಕಡ್ಡಾಯ, ಮದ್ಯ ಮತ್ತು ತಂಬಾಕಿನಿಂದ ದೂರವಿರುತ್ತೇನೆ ಅನ್ನೋ ಒಪ್ಪಂದಕ್ಕೆ ಬದ್ಧರಾಗಬೇಕು. ಅಲ್ಲಿ ವಿದ್ಯಾರ್ಥಿಗಳ ಡಾನ್ಸ್ ಮೇಲಿನ ನಿಷೇಧ ತೆರವಾಗಿದ್ದೇ 2003ರಲ್ಲಿ. ಹಾಗಾಗಿ ವೆಬ್‌ಸೈಟಿನ ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಸಾಮಾನ್ಯವಾಗಿ ಮೇ 1ರೊಳಗೆ ಸೀಟಿನ ಡಿಪಾಸಿಟ್ ಕಟ್ಟಬೇಕಾಗುತ್ತೆ. ಅದಕ್ಕೆ ಮುಂಚೆ ಸ್ಟೂಡೆಂಟ್ ಹ್ಯಾಂಡ್‌ಬುಕ್ ತೆಗೆದು ಚಾಪೆಲ್ ಹಾಜರಿ, ಹಾಸ್ಟೆಲಿಗೆ ಗೆಳೆಯ ಗೆಳತಿಯರು ಬಂದುಹೋಗುವ ನಿಯಮ, ಮದ್ಯದ ನಿಯಮ, ಈ ಮೂರನ್ನಾದರೂ ಓದಿ.

ಚಾಪೆಲ್ ಐಚ್ಛಿಕ ಇದ್ದ ಕಡೆಯೂ ಧರ್ಮಶಾಸ್ತ್ರದ ಒಂದೆರಡು ಕೋರ್ಸು ಸಾಮಾನ್ಯವಾಗಿ ಕಡ್ಡಾಯ. ಇದು ಭಜನೆ ಕ್ಲಾಸಲ್ಲ. ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ, ಎರಡನೆಯದರಲ್ಲಿ ಮನುಷ್ಯನಾದ ಮೇಲೆ ಪ್ರಾಣಿಗಳು. ಈ ಎರಡು ಸೃಷ್ಟಿಕಥೆ ಪಕ್ಕಪಕ್ಕ ಯಾಕಿವೆ ಅಂತ ನಾಲ್ಕು ಪುಟ ಬರಿ ಅಂತಾರೆ. ನಂಬಿಕೆಗೆ ಅಂಕವಿಲ್ಲ, ಓದಿದ್ದಕ್ಕೆ ಇದೆ. ಮನೆಯಲ್ಲಿ ಬೈಬಲ್ ಓದಿ ಬೆಳೆದವರು ಗೊತ್ತಿರೋದೇ ಅಂತ ಉಡಾಫೆ ಮಾಡಿ ಬಿ ಗ್ರೇಡ್ ತಗೊಳ್ಳೋದೂ ಉಂಟು.

ಇನ್ನು ಬ್ರಾಂಚ್. ಮೊದಲ ದಿನವೇ ಬ್ರಾಂಚ್ ಇರಲ್ಲ. ಎರಡನೇ ವರ್ಷ ಮುಗಿಯೋದರೊಳಗೆ ಮೇಜರ್ (ಮುಖ್ಯ ವಿಷಯ) ಯಾವುದು ಅಂತ ಹೇಳಿದರಾಯಿತು. ಸೇಂಟ್ ಓಲಾಫ್‌ನ ವರ್ಷದ ಲೆಕ್ಕ 4-1-4: ಸೆಪ್ಟೆಂಬರಿಂದ ನಾಲ್ಕು ಕೋರ್ಸು, ಜನವರಿಯಲ್ಲಿ ಒಂದೇ ಒಂದು, ಫೆಬ್ರವರಿಯಿಂದ ಮತ್ತೆ ನಾಲ್ಕು. ಜನವರಿಯ ಆ ಕೋರ್ಸು ಹೆಚ್ಚುಕಡಿಮೆ ನಾಲ್ಕು ವಾರದಲ್ಲಿ ಮುಗಿಯುತ್ತೆ. ಎರಡು ದಿನ ಜ್ವರ ಅಂತ ಮಲಗಿದರೆ ಮಾಮೂಲಿ ಸೆಮಿಸ್ಟರಿನ ಒಂದು ವಾರಕ್ಕಿಂತ ಹೆಚ್ಚಿನ ಪಾಠ ಹೋಯಿತು. ಅದೂ ಮಿನ್ನೆಸೋಟದ ಜನವರಿ, ಮೈನಸ್ ಇಪ್ಪತ್ತು ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ.

ನಮ್ಮ ಮಕ್ಕಳು ಎಡವೋದು ಬುದ್ಧಿ ಸಾಲದೆ ಅಲ್ಲ, ಅಂಕ ಹಂಚುವ ರೀತಿ ಅರ್ಥವಾಗದೆ. ಪಿಯುಸಿಯಲ್ಲಿ ಮಾರ್ಚ್ ತಿಂಗಳಲ್ಲಿ ಕೂತು ಓದಿದರೂ ದಡ ಸೇರಬಹುದಿತ್ತು. ಅಲ್ಲಿ ಸಿಲಬಸ್ ಅಂದರೆ ಪಾಠದ ಪಟ್ಟಿಯಷ್ಟೇ ಅಲ್ಲ, ಹೆಚ್ಚುಕಡಿಮೆ ಕರಾರುಪತ್ರ. ಕ್ಲಾಸಿನಲ್ಲಿ ಮಾತಾಡೋದಕ್ಕೆ ಶೇ. 15, ವಾರದ ಕಿರು ಬರಹಕ್ಕೆ 20, ಎರಡು ಪೇಪರಿಗೆ 40, ಕೊನೆಯ ಪರೀಕ್ಷೆಗೆ 25, ಹೀಗೆ ಏನಾದರೊಂದು ಹಂಚಿಕೆ ಇರುತ್ತೆ. ಇಂಥ ಲೆಕ್ಕದಲ್ಲಿ ಫೈನಲ್‌ನಲ್ಲಿ ನೂರಕ್ಕೆ ನೂರು ಬಂದರೂ ಬಾಯಿ ಬಿಡದೆ ಕೂತವನಿಗೆ ಎ ಬರಲ್ಲ. ಇಪ್ಪತ್ತು ಜನರ ಕ್ಲಾಸಿನಲ್ಲಿ ಅಡಗಿ ಕೂರೋ ಜಾಗವೂ ಇಲ್ಲ, ಎರಡು ಸಲ ತಪ್ಪಿಸಿಕೊಂಡರೆ ಪ್ರೊಫೆಸರೇ ಮೇಲ್ ಹಾಕ್ತಾರೆ. ಮಾತು ಬರದವರಿಗೆ ಒಂದು ದಾರಿ: ಹಿಂದಿನ ರಾತ್ರಿ ಓದುವಾಗಲೇ ಪುಟಸಂಖ್ಯೆ ಸಮೇತ ಎರಡು ಪ್ರಶ್ನೆ ಬರೆದುಕೊಂಡು, ಚರ್ಚೆಯ ಮೊದಲ ಹತ್ತು ನಿಮಿಷದಲ್ಲೇ ಒಂದನ್ನು ಕೇಳಿಬಿಡೋದು. ಆಮೇಲೆ ಬೇರೆಯವರು ಅದನ್ನೇ ಕೇಳಿಬಿಟ್ಟಿರ್ತಾರೆ.

ನಿಜವಾದ ಪೆಟ್ಟು ಬೀಳೋದು ಪೇಪರ್ ಬರೆಯುವಾಗ. ಐದು ಪುಟ ಅಂದರೆ ಡಬಲ್ ಸ್ಪೇಸಿನಲ್ಲಿ 1,250ರಿಂದ 1,500 ಪದ. ಮೊದಲ ಪೇಪರ್ ವಾಪಸ್ ಬಂದಾಗ ಸಾರಾಂಶ ಬರೆದ ಪ್ಯಾರಾದ ಪಕ್ಕದಲ್ಲೆಲ್ಲ ಒಂದೇ ಟಿಪ್ಪಣಿ: ‘ಇದು ಪುಸ್ತಕ ಹೇಳಿದ್ದಾಯಿತು, ನಿನ್ನ ವಾದ ಎಲ್ಲಿ?’ ಗೈಡಿನ ಉತ್ತರವನ್ನು ಅಕ್ಷರಶಃ ಬರೆದರೆ ನಮ್ಮಲ್ಲಿ ಜಾಣ, ಅಲ್ಲಿ ಅದು ಕೃತಿಚೌರ್ಯ. ವಾಕ್ಯದ ಪದ ಅಲ್ಲಿಲ್ಲಿ ಬದಲಿಸಿ ಆಕರ ಕೊಡದಿದ್ದರೂ ಕೃತಿಚೌರ್ಯವೇ. ಪೇಪರಿಗೆ ಸೊನ್ನೆ ಬಿದ್ದು, ವಿಷಯ ಡೀನ್ ಕಚೇರಿವರೆಗೂ ಹೋಗಬಹುದು. ಓದುವಾಗಲೇ ಉದ್ಧರಣೆ, ಪುಟಸಂಖ್ಯೆ, ನಿಮ್ಮ ಮಾತು, ಮೂರನ್ನೂ ಬೇರೆ ಬೇರೆ ಗುರುತಿಸಿಟ್ಟುಕೊಳ್ಳಿ. ಕರಡನ್ನು ಒಂದು ವಾರ ಮುಂಚೆ ರೈಟಿಂಗ್ ಸೆಂಟರಿಗೆ (ಬರವಣಿಗೆಗೆ ನೆರವು ಕೊಡುವ ಕಾಲೇಜಿನ ಕೇಂದ್ರ) ಒಯ್ಯಿರಿ, ಅದು ಪುಕ್ಕಟೆ. ಹಿಂದಿನ ರಾತ್ರಿ ಹೋದರೆ ಕಾಗುಣಿತ ತಿದ್ದಿಸಿಕೊಂಡು ಬರಬಹುದು ಅಷ್ಟೇ. ಪ್ರೊಫೆಸರರ ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳನ್ನು ಭೇಟಿಯಾಗೋಕೆ ಮೀಸಲಿಟ್ಟ ಸಮಯ) ಹೋಗೋದು ದಡ್ಡರ ಲಕ್ಷಣ ಅಂತ ನಮ್ಮವರು ತಿಳಿದಿರ್ತಾರೆ. ಮುಂದೆ ಪಿಜಿಗೆ ಶಿಫಾರಸು ಪತ್ರ ಹುಟ್ಟೋದು ಆ ಕುರ್ಚಿಯಲ್ಲೇ.

ಕೋರ್ಸು ಕೈಕೊಟ್ಟರೆ ಮಧ್ಯದಲ್ಲಿ ಬಿಡಬಹುದು, ಮಾರ್ಕ್ಸ್ ಕಾರ್ಡಿನಲ್ಲಿ ‘ಡಬ್ಲ್ಯೂ’ (ವಿತ್‌ಡ್ರಾ, ಕೋರ್ಸು ಬಿಟ್ಟ ಗುರುತು) ಬೀಳುತ್ತೆ. ಆದರೆ ಎಫ್-1 (ವಿದ್ಯಾರ್ಥಿ) ವೀಸಾದವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದುತ್ತಿರಲೇಬೇಕು. ನಾಲ್ಕು ಕ್ರೆಡಿಟ್ಟಿನ ನಾಲ್ಕು ಕೋರ್ಸಿನಲ್ಲಿ ಒಂದು ಬಿಟ್ಟರೆ ಸರಿಯಾಗಿ 12 ಉಳಿಯುತ್ತೆ, ಎರಡನೆಯದನ್ನೂ ಬಿಟ್ಟರೆ ವೀಸಾ ಸ್ಟೇಟಸ್ಸೇ ಹೋಗಬಹುದು. ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಸಲಹೆಗಾರರನ್ನು ಕೇಳಿ, ಆಮೇಲೆ ಬಟನ್ ಒತ್ತಿ.

ಮೇಜರ್ ಆಯುವಾಗಲೂ ವೀಸಾ ಅಡ್ಡ ಬರುತ್ತೆ. ಓದಿನ ನಂತರದ ಕೆಲಸಕ್ಕೆ ಒಪಿಟಿ ಅನ್ನೋ ಅನುಮತಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯವಾದರೆ ಇನ್ನೂ 24 ತಿಂಗಳು ಸಿಗುತ್ತೆ. ಆ ಪಟ್ಟಿ ವಿಷಯಗಳನ್ನು ಕೋಡ್‌ನಿಂದ ಗುರುತಿಸುತ್ತೆ: ಸಾಮಾನ್ಯ ಅರ್ಥಶಾಸ್ತ್ರದ ಕೋಡ್ 45.0601 ಅದರಲ್ಲಿಲ್ಲ, ಇಕಾನಮೆಟ್ರಿಕ್ಸ್‌ನ 45.0603 ಇದೆ. ನಿಮ್ಮ ಕಾಲೇಜು ಯಾವ ಕೋಡ್ ಬಳಸುತ್ತೆ ಅಂತ ರಿಜಿಸ್ಟ್ರಾರರನ್ನು ಕೇಳೋಕೆ ನಾಚಿಕೆ ಬೇಡ. ‘ಪ್ರಿ-ಮೆಡ್’ ಅನ್ನೋದು ಡಿಗ್ರಿಯಲ್ಲ, ಕೋರ್ಸುಗಳ ಗುಂಪಷ್ಟೇ, ಮೇಲಾಗಿ ಅಮೆರಿಕದ ಬಹುಪಾಲು ಮೆಡಿಕಲ್ ಕಾಲೇಜುಗಳು ವಿದೇಶಿಯರನ್ನು ತಗೊಳ್ಳಲ್ಲ.

ಅರ್ಜಿ ಹಾಕುವಾಗ ಕರ್ನಾಟಕದವರಿಗೇ ಒಂದು ವಿಶೇಷ ತಲೆನೋವು. ಅಲ್ಲಿನ ಕಾಲೇಜಿನವರು 9ರಿಂದ 12ನೇ ತರಗತಿವರೆಗಿನ ಅಂಕ ಕೇಳ್ತಾರೆ. ನಮ್ಮಲ್ಲಿ 9, 10 ಹೈಸ್ಕೂಲಿನದು, ಉಳಿದೆರಡು ಪಿಯು ಕಾಲೇಜಿನದು. ಎರಡೂ ಕಡೆಯಿಂದ ಸೀಲು ಹಾಕಿದ ಪ್ರತಿ ಬೇಕು. ಅರ್ಜಿಯ ಜೊತೆ ಬೇಕಾದ ಶಾಲಾ ಸಲಹೆಗಾರರ ಪತ್ರವನ್ನು ನಮ್ಮಲ್ಲಿ ಪ್ರಿನ್ಸಿಪಾಲರೇ ಬರೆಯಬೇಕಾಗುತ್ತೆ, ಅವರೋ ‘ನಡತೆ ತೃಪ್ತಿಕರ’ ಅಂತ ಎರಡು ಸಾಲು ಗೀಚಿ ಕೊಡ್ತಾರೆ. ನೀವು ಮಾಡಿದ ಕೆಲಸಗಳ ಒಂದು ಪುಟದ ಟಿಪ್ಪಣಿ ಅವರ ಕೈಗಿಟ್ಟು, ಒಂದು ತಿಂಗಳ ಸಮಯ ಕೊಡಿ.

ಹೋದ ಮೇಲೆ ಕ್ಯಾಂಪಸ್ಸಿನಲ್ಲೇ ಕೆಲಸ ಮಾಡಬಹುದು, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ. ದುಡಿಯದಿದ್ದರೂ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 8843 ಕಳಿಸಲೇಬೇಕು. ದುಡಿದವರಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಬೀಳದ ನಿಗದಿತ ಭಾಗ) ಕೊಡಿಸುತ್ತೆ. ಅನಿವಾಸಿಗಳ ಫಾರ್ಮ್ 1040-ಎನ್ಆರ್ ಬಿಟ್ಟು, ರೂಮ್‌ಮೇಟ್ ನೋಡಿಕೊಂಡು ಅಮೆರಿಕನ್ನರ 1040 ತುಂಬಿದರೆ ಆಮೇಲೆ ತಿದ್ದುಪಡಿ ಅರ್ಜಿ ಹಾಕುತ್ತಾ ಕೂರಬೇಕು.