ಸೋಮವಾರದ ತೂಕ

21 ಏಪ್ರಿಲ್ 2025, ಸೋಮವಾರ
ಕಲಬುರಗಿ

ಮದುವೆ ಸೀಸನ್ ನಡೆದಿದೆ. ಹೀಗಾಗಿ ಅಪ್ಪನ ಕೆರೆ ಸುತ್ತ ವಾಕಿಂಗ್ ಮಾಡುವವರಲ್ಲೂ ಜಿಮ್ಮುಗಳಲ್ಲೂ ಸೋಮವಾರ ಬಂತೆಂದರೆ ಒಂದೇ ಗೋಳು: "ವಾರ ಪೂರ್ತಿ ರೊಟ್ಟಿ ಎಣಿಸಿ ತಿಂದೀನ್ರಿ, ನಿನ್ನಿ ಒಂದೇ ಒಂದು ಮದಿವಿ ಊಟ. ಮುಂಜಾನಿ ನೋಡಿದ್ರ 1.3 ಕಿಲೋ ಏರೇದ!"

ಆ 1.3 ಕಿಲೋ ಕೊಬ್ಬೇ ಆಗಿರಲು ಸಾಧ್ಯವೇ, ಲೆಕ್ಕ ಹಾಕೋಣ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. 1.3 ಕಿಲೋ ಬೆಳೆಯಬೇಕೆಂದರೆ ಆ ದಿನದ ಖರ್ಚೆಲ್ಲ ಕಳೆದು ಇನ್ನೂ 10,000 ಕ್ಯಾಲೊರಿ ಮಿಕ್ಕಬೇಕು. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಹತ್ತಿರ ಹತ್ತಿರ 200 ಕ್ಯಾಲೊರಿ. ಅಂದರೆ ದಿನದ ಊಟದ ಮೇಲೆ 50 ರೊಟ್ಟಿ! ಬೀಗರು ಎಷ್ಟೇ ಒತ್ತಾಯ ಮಾಡಿ ಬಡಿಸಿದರೂ ಅಷ್ಟು ಇಳಿಯುವುದಿಲ್ಲ.

ಹಾಗಾದರೆ ಏರಿದ್ದು ಏನು? ಮೊದಲು ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ನಾರ್ಮಲ್ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ದೇಹದ ಜೀವಕೋಶಗಳ ಹೊರಗಿನ ನೀರಿನಲ್ಲೂ ಉಪ್ಪಿನ ಪ್ರಮಾಣ ಹತ್ತಿರ ಹತ್ತಿರ ಅಷ್ಟೇ ಇರುವಂತೆ ಮೂತ್ರಪಿಂಡ ಕಾಯುತ್ತದೆ. ಮಿರ್ಚಿ ಭಜಿ, ಹಪ್ಪಳ, ಉಪ್ಪಿನಕಾಯಿ, ಬ್ಯಾಳಿ ಸೇರಿ ದಿನದ ಲೆಕ್ಕಕ್ಕಿಂತ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚೆ ಉಪ್ಪು ಹೆಚ್ಚಾಯಿತೆನ್ನಿ. ಅದು ಹೊರಹೋಗುವ ತನಕ ಅರ್ಧ ಲೀಟರಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಯಾರಿಕೆ ಆಗುವುದೂ ಅದಕ್ಕೇ.

ಆಮೇಲೆ ಹೋಳಿಗೆ, ಅನ್ನ, ಸಿಹಿ. ಇವುಗಳ ಸಕ್ಕರೆ ಅಂಶದಲ್ಲಿ ಒಂದು ಪಾಲು ಗ್ಲೈಕೋಜನ್ ಆಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರು. ಡಯಟ್‌ನಿಂದ ಅರ್ಧ ಖಾಲಿಯಾಗಿದ್ದ ಗೋದಾಮಿಗೆ 150 ಗ್ರಾಂ ಬಂದು ಬಿತ್ತೆಂದರೆ ಕಾಟಾ (ತೂಕದ ಯಂತ್ರ) ಮೇಲೆ 600 ಗ್ರಾಂ. ಉಳಿದದ್ದು ಇನ್ನೂ ಕರುಳಲ್ಲೇ ಇರುವ ಊಟ. ಅದು ಹೊರಬೀಳಲು ಒಂದರಿಂದ ಮೂರು ದಿನ ಬೇಕು. 1.3ರ ಲೆಕ್ಕ ಇಲ್ಲಿಗೆ ಮುಗಿಯಿತು. ಮತ್ತೆ ಎಂದಿನ ಊಟಕ್ಕೆ ಬಂದರೆ ಗುರುವಾರದ ಹೊತ್ತಿಗೆ ಬಹುಪಾಲು ಇಳಿದಿರುತ್ತದೆ. ಸೋಮವಾರ ಉಪವಾಸ ಕೂತು ಪ್ರಾಯಶ್ಚಿತ್ತ ಮಾಡುವ ಅಗತ್ಯವೇನಿಲ್ಲ.

ಡಯಟ್ ಶುರುವಾದ ಮೊದಲ ವಾರ ಎರಡು ಕಿಲೋ ಇಳಿಯಿತು ಎಂದು ಪೇಢಾ ಹಂಚುವವರಿಗೂ ಇದೇ ಲೆಕ್ಕ ಅನ್ವಯ. ದೇಹದ ಒಟ್ಟು ಗ್ಲೈಕೋಜನ್ ಸುಮಾರು 500 ಗ್ರಾಂ, ಅದರೊಡನೆ ನೀರು ಒಂದೂವರೆ ಕಿಲೋ. ಅನ್ನ, ರೊಟ್ಟಿ ಕಡಿಮೆ ಮಾಡಿದ ಕೂಡಲೇ ಮೊದಲು ಖಾಲಿಯಾಗುವುದು ಅದೇ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಕರಗುವ ಕೊಬ್ಬು ದಿನಕ್ಕೆ 65 ಗ್ರಾಂ ಮಾತ್ರ. ಮನೆಯ ಡಿಜಿಟಲ್ ಕಾಟಾದ ಒಂದು ಹೆಜ್ಜೆಯೇ 100 ಗ್ರಾಂ! ನಿನ್ನೆಯ ಕೊಬ್ಬು ಇವತ್ತಿನ ಅಂಕಿಯಲ್ಲಿ ಕಾಣಲು ಸಾಧ್ಯವೇ ಇಲ್ಲ.

ಹೊಸದಾಗಿ ವ್ಯಾಯಾಮ ಶುರು ಮಾಡಿದವರ ಕಥೆ ಇನ್ನೂ ತೊಡಕಿನದು. ಬೈಠಕ್ ಹೊಡೆಯುವಾಗ ಕೆಳಗೆ ಕೂರುವ ಹಂತ, ಮೆಟ್ಟಿಲು ಇಳಿಯುವುದು, ಡಂಬಲ್ ನಿಧಾನಕ್ಕೆ ಕೆಳಗಿಳಿಸುವುದು: ಇವುಗಳಲ್ಲಿ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳಿಗೆ ಆಗ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ರಿಪೇರಿಗೆಂದು ಅಲ್ಲಿಗೆ ದ್ರವ ಹರಿದು ಬಂದು ಸ್ನಾಯು ಕೊಂಚ ಊದುತ್ತದೆ. ಶೌಚಕ್ಕೆ ಕೂರಲೂ ತೊಡೆ ಹಿಡಿಯುವ ಆ ನೋವು 24ರಿಂದ 72 ಗಂಟೆಯೊಳಗೆ ಜೋರಾಗಿರುತ್ತದೆ, ಕಾಟಾ ಮೇಲಿನ ಏರಿಕೆಯೂ ಅದೇ ಸುಮಾರಿಗೆ. ಇದಲ್ಲದೆ ದುಡಿಯತೊಡಗಿದ ಸ್ನಾಯು ಮೊದಲಿಗಿಂತ ಹೆಚ್ಚು ಗ್ಲೈಕೋಜನ್ ಕೂಡಿಡುತ್ತದೆ. ದಿನಾ ವಾಕಿಂಗ್, ಓಟ ಶುರು ಮಾಡಿದವರಿಗೆ ಒಂದೆರಡು ವಾರದಲ್ಲಿ ರಕ್ತದ ನೀರಿನಂಶವೂ ಕೆಲವು ನೂರು ಎಂ.ಎಲ್. ಹೆಚ್ಚುತ್ತದೆ, ನಮ್ಮ ಬಿಸಿಲಿಗೆ ಮೈ ಒಗ್ಗುವಾಗಲೂ ಹಾಗೇ. ಸ್ನಾಯುಬಲಕ್ಕೆಂದು ಕ್ರಿಯಾಟಿನ್ ಪುಡಿ ತಗೊಳ್ಳುವವರು ಇದಕ್ಕೆ ಇನ್ನೊಂದು ಕಿಲೋ ಸೇರಿಸಿಕೊಳ್ಳಲಿ, ಅದೂ ಸ್ನಾಯುವಿನೊಳಗಿನ ನೀರೇ.

ಕೆಲಸ ಕೆಡುವುದು ಎರಡನೇ ವಾರದಲ್ಲಿ. ಬೆವರು ಸುರಿಸಿದರೂ ಇಳಿಯಲಿಲ್ಲ ಎಂದು ರಾತ್ರಿ ಊಟ ಬಿಡುತ್ತಾರೆ, ಬೈಠಕ್ ದುಪ್ಪಟ್ಟು ಮಾಡುತ್ತಾರೆ. ನೋವು ಹೆಚ್ಚಿ ಊತ ಹೆಚ್ಚುತ್ತದೆ. ನಾಲ್ಕನೇ ದಿನ ಹಸಿವು ತಡೆಯಲಾರದೆ ಸಂಜೆ ಸುಸಲಾ, ಮಿರ್ಚಿ. ಮತ್ತೆ ಉಪ್ಪು, ಮತ್ತೆ ನೀರು. ಅಲ್ಲಿಗೆ "ನನ್ನ ಮೈಯೇ ಇಂಥಾದ್ದು" ಎಂದು ಜಿಮ್ ಬಿಟ್ಟಿರುತ್ತಾರೆ.

ಲೆಕ್ಕಕ್ಕೆಂದು ಹಾಕಿಕೊಂಡ ಅಂಕಿಗಳಿವು, ವಾರದ ಏಳೂ ದಿನ ಮುಂಜಾನೆಯ ತೂಕ, ಕಿಲೋದಲ್ಲಿ. ಬರೀ ಡಯಟ್ ಇದ್ದ ವಾರ: 82.4, 82.0, 81.7, 81.9, 81.3, 81.5, 81.2. ವ್ಯಾಯಾಮ ಶುರುವಾದ ವಾರ: 82.1, 81.9, 82.0, 81.6, 81.8, 81.4, 81.3. ಮೊದಲ ವಾರದ ಸರಾಸರಿ 81.71, ಎರಡನೆಯದು 81.73. ಹದಿನಾಲ್ಕು ದಿನ ಕಷ್ಟಪಟ್ಟದ್ದು ನೀರಲ್ಲಿ ಹೋಮ ಅನ್ನಿಸುತ್ತದಲ್ಲವೇ? ಮುಂದಿನ ವಾರ: 81.6, 81.2, 81.3, 80.9, 81.1, 80.8, 80.7. ಸರಾಸರಿ 81.09. ಎರಡನೇ ವಾರವೂ ಕೊಬ್ಬು ಕರಗುತ್ತಲೇ ಇತ್ತು, ಸ್ನಾಯುವಿಗೆ ಬಂದ ನೀರು ಅದನ್ನು ಮುಚ್ಚಿತ್ತು ಅಷ್ಟೇ. ಅದಕ್ಕೇ ವ್ಯಾಯಾಮ ಶುರುವಾದ ಮೂರು ನಾಲ್ಕು ವಾರ ಊಟದ ಅಳತೆ ಬದಲಿಸಬಾರದು. ಆಮೇಲೂ ಎರಡು ವಾರದ ಸರಾಸರಿ ಅಲ್ಲಾಡದಿದ್ದರೆ ಮಾತ್ರ ಎಣ್ಣೆ, ಶೇಂಗಾ ಹಿಂಡಿ, ಚಹಾದ ಸಕ್ಕರೆ ಮತ್ತೊಮ್ಮೆ ಅಳೆದು ನೋಡಿ. ಬಹಳ ಸಲ ಕಳ್ಳ ಎಣ್ಣೆಯೇ. ಒಂದು ದೊಡ್ಡ ಚಮಚೆಗೆ 120 ಕ್ಯಾಲೊರಿ, ಒಗ್ಗರಣೆಗೆ ಅದನ್ನು ಅಳೆದು ಹಾಕುವವರು ಯಾರಿದ್ದಾರೆ!

ತೂಗುವ ರೀತಿ ಸರಿಯಿರದಿದ್ದರೆ ಸರಾಸರಿಯೂ ಕೈಕೊಡುತ್ತದೆ. ಎದ್ದು ಶೌಚ, ಮೂತ್ರ ಮುಗಿಸಿ, ಚಹಾ ನೀರು ಕುಡಿಯುವ ಮೊದಲು, ಅದೇ ತೆಳು ಬಟ್ಟೆಯಲ್ಲಿ. ನಮ್ಮ ಕಡೆ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಪರಸಿ. ಹಳೇ ಪರಸಿ ಮಟ್ಟ ಇರುವುದಿಲ್ಲ, ಸಂದುಗಳಲ್ಲಿ ಏರುತಗ್ಗು. ಕಾಟಾದ ಒಂದು ಕಾಲು ಸಂದಿನ ಮೇಲೆ ಕೂತರೆ ಅಂಕಿ ಆಚೀಚೆ ಆಗುತ್ತದೆ. ನಾಲ್ಕೂ ಕಾಲು ಒಂದೇ ಕಲ್ಲಿನ ಮೇಲೆ ಬರುವಂತೆ ಇಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ದಿನಾ ಅಲ್ಲೇ ಇಡಿ. ಚಾಪೆ, ಜಮಖಾನೆ ಮೇಲಂತೂ ಬೇಡವೇ ಬೇಡ.

ಕಾಟಾ ಸರಿಯಿದೆಯೇ ಎಂದು ನೋಡಲು 5 ಕಿಲೋದ ಸೀಲ್ ಒಡೆಯದ ಹಿಟ್ಟಿನ ಪಾಕೀಟು ಸಾಕು. ಒಮ್ಮೆ ಬರಿಗೈಯಲ್ಲಿ, ಒಮ್ಮೆ ಪಾಕೀಟು ಹಿಡಿದು ನಿಂತರೆ 5 ಕಿಲೋ ವ್ಯತ್ಯಾಸ ಬರಬೇಕು. ಕೆಲವು ಕಾಟಾಗಳಿಗೆ ಇನ್ನೊಂದು ಚಾಳಿ: ಹೊಸ ತೂಕ ಹಳೆಯದಕ್ಕೆ ತೀರ ಹತ್ತಿರವಿದ್ದರೆ ಹಳೇ ಅಂಕಿಯನ್ನೇ ಮತ್ತೆ ತೋರಿಸುತ್ತವೆ. ಮೊದಲು ಆ ಪಾಕೀಟು ಹಿಡಿದು ನಿಂತು ಇಳಿದು, ಆಮೇಲೆ ಬರಿಗೈಯಲ್ಲಿ ಹತ್ತಿದರೆ ಆ ನೆನಪು ಅಳಿಯುತ್ತದೆ. ಮೈಯಲ್ಲಿ ಕೊಬ್ಬು ಶೇಕಡಾ ಇಷ್ಟು ಎಂದು ತೋರಿಸುವ ಕಾಟಾಗಳ ಆ ಅಂಕಿ ದಿನಾ ನೋಡಬೇಡಿ. ಅದು ಮೈಯೊಳಗೆ ಸಣ್ಣ ಕರೆಂಟ್ ಹರಿಸಿ ಹಾಕುವ ಅಂದಾಜು, ಒಂದು ತಂಬಿಗೆ ನೀರು ಕುಡಿದರೂ ಬದಲಾದೀತು. ಅದಕ್ಕಿಂತ ವಾರಕ್ಕೊಮ್ಮೆ, ಉಸಿರು ಬಿಟ್ಟು, ಹೊಕ್ಕಳ ಮಟ್ಟದಲ್ಲಿ ಟೇಪ್ ಹಿಡಿಯುವುದು ಎಷ್ಟೋ ಮೇಲು.

ಈಗ ಬಿಸಿಲು 40 ದಾಟಿದೆ. ಒಂದು ತಾಸಿನ ಜೋರು ನಡಿಗೆಗೆ ಲೀಟರಿನಷ್ಟು ಬೆವರು ಸುಲಭವಾಗಿ ಹೋಗುತ್ತದೆ, ಕಾಟಾ ಒಂದು ಕಿಲೋ ಕಡಿಮೆ ತೋರಿಸುತ್ತದೆ. ಅದು ಲಾಭವಲ್ಲ, ಸಾಲ. ನಡಿಗೆಗೆ ಮೊದಲು ಮತ್ತು ನಂತರ ತೂಗಿ, ಇಳಿದದ್ದರ ಒಂದೂಕಾಲರಿಂದ ಒಂದೂವರೆ ಪಟ್ಟು ನೀರನ್ನು, ಚಿಟಿಕೆ ಉಪ್ಪಿನ ಮಜ್ಜಿಗೆಯನ್ನು ಮುಂದಿನ ಕೆಲ ತಾಸುಗಳಲ್ಲಿ ನಿಧಾನಕ್ಕೆ ಕುಡಿಯಿರಿ. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಬೆವರು ಬೆಲ್ಟ್ ಕಟ್ಟಿಕೊಂಡು ಈ ಊರಿನ ಏಪ್ರಿಲ್‌ನಲ್ಲಿ ಓಡುವುದು ಹುಚ್ಚಾಟ. ಕೊಬ್ಬು ಗ್ರಾಮಿನಷ್ಟೂ ಹೆಚ್ಚಿಗೆ ಕರಗುವುದಿಲ್ಲ, ಬಿಸಿಲಾಘಾತ ಮಾತ್ರ ಖಂಡಿತ ಹತ್ತಿರವಾಗುತ್ತದೆ.

ಹೆಣ್ಣುಮಕ್ಕಳಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿ ಅರ್ಧದಿಂದ ಎರಡು ಕಿಲೋ ನೀರು ನಿಲ್ಲಬಹುದು. ಈ ವಾರವನ್ನು ಹೋದ ವಾರದೊಡನೆ ಹೋಲಿಸದೆ, ಹೋದ ತಿಂಗಳ ಇದೇ ವಾರದೊಡನೆ ಹೋಲಿಸಬೇಕು. ಏಕಾದಶಿ ಮಾಡುವವರು ಮರುದಿನದ ತೂಕವನ್ನು ಸರಾಸರಿಗೆ ಸೇರಿಸದಿದ್ದರೆ ಒಳ್ಳೆಯದು. ರೋಜಾ ಹಿಡಿಯುವವರು ಇಡೀ ತಿಂಗಳು ಸಹರಿಗೆ ಮುಂಚೆ ಅಥವಾ ಇಫ್ತಾರ್‌ಗೆ ಮುಂಚೆ, ಎರಡರಲ್ಲಿ ಒಂದೇ ಹೊತ್ತಿಗೆ ತೂಗಲಿ. ಎರಡನ್ನೂ ಬೆರೆಸಿದರೆ ಕಿಲೋಗಟ್ಟಲೆ ವ್ಯತ್ಯಾಸ ಬರುತ್ತದೆ.

ನೀರಿನ ತೂಕ ಎಂದು ಕಡೆಗಣಿಸಬಾರದ ಸಂದರ್ಭವೂ ಇದೆ. ಎರಡು ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿ, ಕಾಲು ಊದಿ, ಬೆರಳಿಂದ ಒತ್ತಿದರೆ ಕುಳಿ ಬಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಗುರುವಾರದ ತನಕ ಕಾಯದೆ ಅವತ್ತೇ ವೈದ್ಯರ ಬಳಿ ಹೋಗಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇರುವವರಂತೂ ನೀರು, ಉಪ್ಪಿನ ಅಳತೆಯನ್ನು ಅವರನ್ನೇ ಕೇಳಿ ಇಟ್ಟುಕೊಳ್ಳಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಗುಳಿಗೆ ತಗೊಳ್ಳುವವರು ರೊಟ್ಟಿ ಕಡಿಮೆ ಮಾಡುವ ಮೊದಲೇ ಡೋಸ್ ಬಗ್ಗೆ ಕೇಳಬೇಕು, ಊಟ ಇಳಿದು ನಡಿಗೆ ಹೆಚ್ಚಿದರೆ ಸಕ್ಕರೆ ದಾರಿಯಲ್ಲೇ ಕುಸಿದು ತಲೆಸುತ್ತಿ ಬೀಳುವ ಅಪಾಯವಿದೆ.